ತಂದೆ ಕಲಿಸಿದ ಲ್ಯಾಟಿನ್

ಲ್ಯಾಟಿನ್ ಇಂದು ಯಾರ ಮನೆಮಾತೂ ಅಲ್ಲ. ಹಾಗೆಂದು ಅದು ನಮಗೆ ತೀರ ಹೊರಗಿನದೂ ಅಲ್ಲ. ಸಹಕಾರ ಸಂಘದ ಮಹಾಸಭೆಯಲ್ಲಿ ‘ಕೋರಂ’ ಇಲ್ಲವೆಂದು ಅರ್ಧ ಗಂಟೆ ಕಾಯುವವರು, ಈ ಸಲ ‘ಬೋನಸ್’ ಎಷ್ಟು ಬಂದೀತೆಂದು ಲೆಕ್ಕ ಹಾಕುವವರು, ಹೈಕೋರ್ಟಿನಲ್ಲಿ ‘ಹೇಬಿಯಸ್ ಕಾರ್ಪಸ್’ ಅರ್ಜಿ ಹಾಕಿದರಂತೆ ಎಂದು ಸುದ್ದಿ ಹೇಳುವವರು, ತಮಗೆ ಗೊತ್ತಿಲ್ಲದೆಯೇ ಲ್ಯಾಟಿನ್ ಮಾತಾಡುತ್ತಿರುತ್ತಾರೆ. ಸಸ್ಯಶಾಸ್ತ್ರದ ಪುಸ್ತಕ ತೆರೆದರೆ ನಮ್ಮ ಹಿತ್ತಲಿನ ಮಾವಿನ ಮರ ‘ಮ್ಯಾಂಜಿಫೆರಾ ಇಂಡಿಕಾ’ ಆಗಿ ಕುಳಿತಿರುತ್ತದೆ. ಅದರಲ್ಲಿ ‘ಮಾಂಗಾ’ ದಕ್ಷಿಣ ಭಾರತದ್ದು. ‘ಹೊರುವ’ ಎಂಬರ್ಥದ ಬಾಲವಷ್ಟೇ ರೋಮಿನದು.

ಇಂಥ ಭಾಷೆಯನ್ನು ಏಳೆಂಟು ವರ್ಷದ ಮಕ್ಕಳಿಗೆ ಮನೆಯಲ್ಲೇ ಕೂರಿಸಿಕೊಂಡು ಕಲಿಸುವ ತಾಯಿತಂದೆಯರು ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಇದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳಲ್ಲಿ ಇದು ಹೆಚ್ಚು. ಅದಕ್ಕೆಂದೇ ಪುಸ್ತಕಗಳಿವೆ. 1999ರಲ್ಲಿ ಕೇಂಬ್ರಿಜ್‌ನಿಂದ ಬಂದ ಬಾರ್ಬರಾ ಬೆಲ್ ಅವರ ‘ಮಿನಿಮಸ್’ ಎಂಬ ಪಾಠಪುಸ್ತಕದಲ್ಲಿ ನಾಯಕನೇ ಒಂದು ಇಲಿ. ಬ್ರಿಟನ್ನಿನ ಉತ್ತರದ ಗಡಿಯಲ್ಲಿದ್ದ ವಿಂಡೊಲಾಂಡಾ ಎಂಬ ರೋಮನ್ ಕೋಟೆಯ ಒಂದು ಸಂಸಾರದ ಜೊತೆ ಅದು ವಾಸಿಸುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ‘ಅಮೋ, ಅಮಾಸ್, ಅಮಾತ್’ ಎಂದು ಮಗು ರಾಗ ಎಳೆಯುತ್ತದೆ. ಪ್ರೀತಿಸುತ್ತೇನೆ, ಪ್ರೀತಿಸುತ್ತೀ, ಪ್ರೀತಿಸುತ್ತಾನೆ ಎಂದು ಅದರ ಅರ್ಥ. ‘ರಾಮಃ ರಾಮೌ ರಾಮಾಃ’ ಎಂದು ಜಗಲಿಯ ಮೇಲೆ ತೂಗಾಡುತ್ತ ಬಾಯಿಪಾಠ ಮಾಡಿದವರಿಗೆ ಈ ರಾಗ ಹೊಸದೇನಲ್ಲ. ಮಾತೃ ಅಲ್ಲಿ ‘ಮಾತೆರ್’, ದಂತ ಅಲ್ಲಿ ‘ದೆನ್ಸ್’, ಸಪ್ತ ಅಲ್ಲಿ ‘ಸೆಪ್ಟೆಮ್’.

ಸ್ವಾರಸ್ಯವೆಂದರೆ, ಹೀಗೆ ಕಲಿಸುವವರಲ್ಲಿ ಅನೇಕರಿಗೆ ಸ್ವತಃ ಲ್ಯಾಟಿನ್ ಬಾರದು. ರಾತ್ರಿ ಒಂದು ಪುಟ ತಾವು ಕಲಿತು ಬೆಳಿಗ್ಗೆ ಅದನ್ನೇ ಮಗುವಿಗೆ ಹೇಳಿಕೊಡುತ್ತಾರೆ. ಯಾಕಿಷ್ಟು ಕಷ್ಟ ಎಂದರೆ ಕಾರಣಗಳು ಸಿದ್ಧವಾಗಿರುತ್ತವೆ. ಇಂಗ್ಲಿಷ್ ಪದಗಳಲ್ಲಿ ಅರ್ಧಕ್ಕೂ ಹೆಚ್ಚು ಲ್ಯಾಟಿನ್ನಿನಿಂದ ನೇರವಾಗಿಯೋ ಫ್ರೆಂಚಿನ ದಾರಿಯಾಗಿಯೋ ಬಂದವು ಎಂಬುದು ಒಂದು. ಅದು ನಿಜ. ಲ್ಯಾಟಿನ್ ಕಲಿತರೆ ಬುದ್ಧಿಯೇ ಚುರುಕಾಗುತ್ತದೆ ಎಂಬುದು ಇನ್ನೊಂದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಸಾವಿರಾರು ಹೈಸ್ಕೂಲು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಒಟ್ಟು ಬುದ್ಧಿಶಕ್ತಿ ಬೆಳೆಸುವುದರಲ್ಲಿ ಲ್ಯಾಟಿನ್ನಿಗೆ ಬೇರೆ ವಿಷಯಗಳಿಗಿಲ್ಲದ ಹೆಚ್ಚುಗಾರಿಕೆಯೇನೂ ಇಲ್ಲವೆಂದು 1924ರಲ್ಲೇ ಹೇಳಿಬಿಟ್ಟ. ಆದರೂ ತಾಯಿತಂದೆಯರ ಆಸೆ ಪರೀಕ್ಷೆಯ ಫಲಿತಾಂಶಕ್ಕೆ ಬಗ್ಗುವಂಥದಲ್ಲ. ತಮಗೆ ಸಿಗದದ್ದು ಮಕ್ಕಳಿಗೆ ಸಿಗಲಿ ಎಂಬ ಆಸೆ ಅದು. ಆ ಆಸೆಯಿಂದ ಮಗುವಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಹಾಗೆ ಬೆಳೆದು, ಮುಂದೆ ತಮ್ಮ ಕಥೆಯನ್ನು ತಾವೇ ಬರೆದಿಟ್ಟ ಇಬ್ಬರನ್ನು ನೋಡಬಹುದು.

ಮೊದಲನೆಯವನು ಫ್ರಾನ್ಸಿನ ಮಿಷೆಲ್ ದ ಮೊಂತೇನ್. ಜಗತ್ತಿಗೆ ‘ಪ್ರಬಂಧ’ವೆಂಬ ಪ್ರಕಾರವನ್ನು ಕೊಟ್ಟವನು. 1533ರಲ್ಲಿ ಹುಟ್ಟಿದ. ತಂದೆ ಪಿಯರ್ ಅನುಕೂಲಸ್ಥ, ಮುಂದೆ ಬೋರ್ಡೋ ನಗರದ ಮೇಯರ್ ಆದವನು. ಸ್ವತಃ ದೊಡ್ಡ ವಿದ್ವಾಂಸನಲ್ಲ, ವಿದ್ವಾಂಸರೆಂದರೆ ಬಹಳ ಗೌರವ. ಗ್ರೀಕರೂ ರೋಮನರೂ ಆಡುತ್ತಾಡುತ್ತ ಕಲಿತ ಭಾಷೆಗಳನ್ನು ಕಲಿಯಲು ಈಗಿನವರು ಅರ್ಧ ಆಯುಸ್ಸು ಕಳೆಯುತ್ತಾರೆ, ಅದಕ್ಕೇ ಅವರ ಎತ್ತರಕ್ಕೆ ಏರಲಾರರು ಎಂದು ಯಾರೋ ಬಲ್ಲವರು ಅವನಿಗೆ ಹೇಳಿದರಂತೆ. ಪಿಯರ್ ಉಪಾಯ ಹುಡುಕಿದ. ಮಗುವಿಗೆ ಇನ್ನೂ ಮಾತು ಬರುವ ಮೊದಲೇ, ಫ್ರೆಂಚಿನ ಗಂಧವೂ ಇಲ್ಲದ, ಲ್ಯಾಟಿನ್ನಿನಲ್ಲಿ ಪಳಗಿದ ಒಬ್ಬ ಜರ್ಮನ್ ಪಂಡಿತನನ್ನು ಸಂಬಳ ಕೊಟ್ಟು ಕರೆಸಿ ಮಗುವನ್ನು ಅವನ ಕೈಗೆ ಕೊಟ್ಟ. ಮನೆಯವರೆಲ್ಲರಿಗೂ ಕಟ್ಟಪ್ಪಣೆಯಾಯಿತು. ಮಗುವಿನ ಮುಂದೆ ತಾಯಿಯಾಗಲಿ ತಂದೆಯಾಗಲಿ ಆಳುಕಾಳುಗಳಾಗಲಿ ಆಡುವುದಾದರೆ ಲ್ಯಾಟಿನ್ನನ್ನೇ ಆಡಬೇಕು.

ಆ ಮನೆಯ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ನೀರು ತರುವವಳು, ಬಾಗಿಲು ಕಾಯುವವನು ಎಲ್ಲರೂ ತೊದಲುತ್ತ ರೋಮಿನ ಮಾತಾಡುವವರೇ. ಮಗುವಿನ ಜೊತೆ ದೊಡ್ಡವರೂ ಒಂದಿಷ್ಟು ಲ್ಯಾಟಿನ್ ಕಲಿತರು. ಅದು ಮನೆಯಿಂದ ಹೊರಗೂ ಹರಿದು, ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಕಸುಬುದಾರರಿಗೂ ಉಪಕರಣಗಳಿಗೂ ಲ್ಯಾಟಿನ್ ಹೆಸರು ನಿಂತುಬಿಟ್ಟವೆಂದು ಮೊಂತೇನ್ ಬರೆಯುತ್ತಾನೆ. ಬೆತ್ತವಿಲ್ಲ, ಕಣ್ಣೀರಿಲ್ಲ. ಮಕ್ಕಳನ್ನು ನಿದ್ದೆಯಿಂದ ದಡಕ್ಕನೆ ಎಬ್ಬಿಸಿದರೆ ಮಿದುಳಿಗೆ ಕೆಡುಕೆಂದು ಕೇಳಿ, ಬೆಳಿಗ್ಗೆ ವಾದ್ಯ ನುಡಿಸಿ ಎಬ್ಬಿಸುವ ಏರ್ಪಾಟನ್ನೂ ಆ ತಂದೆ ಮಾಡಿದ್ದ. ಆರು ವರ್ಷ ತುಂಬಿದಾಗ ಹುಡುಗನಿಗೆ ಊರಿನ ಆಡುಮಾತು ಬಾರದು, ಲ್ಯಾಟಿನ್ ಮಾತ್ರ ನೀರು ಕುಡಿದಷ್ಟು ಸುಲಭ. ಬೋರ್ಡೋದ ಕಾಲೇಜಿಗೆ ಸೇರಿಸಿದಾಗ ಹೆಸರಾಂತ ಪಂಡಿತರೂ ಅವನ ಜೊತೆ ಲ್ಯಾಟಿನ್ನಿನಲ್ಲಿ ಮಾತಿಗಿಳಿಯಲು ಅಳುಕುತ್ತಿದ್ದರಂತೆ. ಆದರೆ ಕಾಲೇಜಿನ ಲ್ಯಾಟಿನ್ನಿನ ಸಹವಾಸದಲ್ಲಿ ಅವನದು ಬಹುಬೇಗ ಕೆಟ್ಟಿತು. ಬಳಕೆ ತಪ್ಪಿತು. ಕೊನೆಗೆ ಅವನು ತನ್ನ ಪುಸ್ತಕ ಬರೆದದ್ದು ಫ್ರೆಂಚಿನಲ್ಲಿ.

ಎರಡನೆಯವನು ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್. 1859ರಲ್ಲಿ ‘ಆನ್ ಲಿಬರ್ಟಿ’ ಬರೆದವನು. ಅವನ ತಂದೆ ಜೇಮ್ಸ್ ಮಿಲ್ ಸ್ಕಾಟ್ಲೆಂಡಿನ ಒಬ್ಬ ಚಮ್ಮಾರನ ಮಗ. ಓದಿನಿಂದಲೇ ಮೇಲೆ ಬಂದವನು. ಒಂಬತ್ತು ಮಕ್ಕಳ ಸಂಸಾರವನ್ನು ಬಹುಕಾಲ ಬರವಣಿಗೆಯಿಂದಲೇ ಸಾಕಿದವನು. ಹಿರಿಯ ಮಗ ಜಾನ್ 1806ರಲ್ಲಿ ಹುಟ್ಟಿದ. ಮೂರನೆಯ ವಯಸ್ಸಿಗೇ ಗ್ರೀಕ್ ಪಾಠ ಶುರುವಾಯಿತು. ಚೀಟಿಗಳ ಮೇಲೆ ಗ್ರೀಕ್ ಪದ, ಅದರ ಇಂಗ್ಲಿಷ್ ಅರ್ಥ ಬರೆದು ತಂದೆಯೇ ಕೊಡುತ್ತಿದ್ದ. ಆಗ ಗ್ರೀಕಿನಿಂದ ಇಂಗ್ಲಿಷಿಗೆ ನಿಘಂಟು ಇರಲಿಲ್ಲ. ಇದ್ದದ್ದು ಗ್ರೀಕಿನಿಂದ ಲ್ಯಾಟಿನ್ನಿಗೆ. ಹುಡುಗನಿಗೆ ಲ್ಯಾಟಿನ್ ಇನ್ನೂ ಬಾರದು. ಹಾಗಾಗಿ ಒಂದೊಂದು ಪದಕ್ಕೂ ಅದೇ ಮೇಜಿನ ಆಚೆ ಕುಳಿತು ಬರೆಯುತ್ತಿದ್ದ ಅಪ್ಪನನ್ನೇ ಕೇಳಬೇಕು. ತಾಳ್ಮೆಗೆ ಹೆಸರಾದವನಲ್ಲದ ಆ ಅಪ್ಪ, ಈ ಅಡ್ಡಿಯನ್ನು ಮಾತ್ರ ವರ್ಷಗಟ್ಟಲೆ ಸಹಿಸಿದ.

ಅಪ್ಪ ಬರೆಯುತ್ತಿದ್ದದ್ದು ಏನೆಂಬುದು ನಮಗೆ ಮುಖ್ಯ. ಅದು ‘ಬ್ರಿಟಿಷ್ ಇಂಡಿಯಾದ ಇತಿಹಾಸ’. ಹೈದರ್, ಟಿಪ್ಪು, ಮೈಸೂರು ಯುದ್ಧಗಳೆಲ್ಲ ಬರುವ ಪುಸ್ತಕ. ಅದನ್ನು ಬರೆದ ಜೇಮ್ಸ್ ಮಿಲ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಇಲ್ಲಿನ ಭಾಷೆಗಳ ಪರಿಚಯವೂ ಅವನಿಗೆ ತೀರ ಅಲ್ಪ. ಅದರಿಂದ ಇತಿಹಾಸಕಾರನಿಗೆ ನಷ್ಟವೇನಿಲ್ಲವೆಂದು ಮುನ್ನುಡಿಯಲ್ಲಿ ವಾದಿಸಿದ್ದಾನೆ. ಮೂರು ವರ್ಷದ ಮಗುವಿಗೆ ಗ್ರೀಕ್ ಬೇಕೇಬೇಕು, ಒಂದು ದೇಶದ ಚರಿತ್ರೆ ಬರೆಯುವವನಿಗೆ ಆ ದೇಶದ ಭಾಷೆ ಬೇಡ! ಒಂದೇ ಮೇಜಿನ ಮೇಲೆ ಈ ಎರಡೂ ನಡೆದಿದ್ದವು.

ಎಂಟನೆಯ ವರ್ಷದಲ್ಲಿ ಲ್ಯಾಟಿನ್ ಬಂತು. ಇಲ್ಲಿ ತಂದೆ ಹೊಸ ಕ್ರಮ ಹಿಡಿದ. ಜಾನ್ ಕಲಿಯುತ್ತ ಹೋದಂತೆ ತನ್ನ ತಂಗಿಗೆ ಕಲಿಸಬೇಕು. ತಂಗಿ ಅದನ್ನು ತಂದೆಗೆ ಒಪ್ಪಿಸಬೇಕು. ಉಳಿದ ತಂಗಿಯರೂ ತಮ್ಮಂದಿರೂ ಒಬ್ಬೊಬ್ಬರಾಗಿ ಈ ಪುಟ್ಟ ಮೇಷ್ಟರ ಶಿಷ್ಯರಾದರು. ಅವರ ತಪ್ಪಿಗೆ ಅವನೂ ಹೊಣೆ. 1817ರಲ್ಲಿ ಈ ಮನೆಯವರ ಜೊತೆ ಕೆಲವು ದಿನ ಇದ್ದ ಸುಧಾರಕ ಫ್ರಾನ್ಸಿಸ್ ಪ್ಲೇಸ್ ಒಂದು ದಿನದ ಸಂಗತಿಯನ್ನು ಪತ್ರದಲ್ಲಿ ಬರೆದಿದ್ದಾನೆ. ಹುಡುಗಿಯರಿಬ್ಬರು ಪಾಠ ಸರಿಯಾಗಿ ಒಪ್ಪಿಸಲಿಲ್ಲ. ಮಧ್ಯಾಹ್ನ ಒಂದಕ್ಕೆ ಬಂದ ಊಟ ಹಾಗೇ ವಾಪಸು ಹೋಯಿತು. ಮೂರು ಗಂಟೆಯಾದರೂ ಮಕ್ಕಳು ಪುಸ್ತಕದ ಮುಂದೆಯೇ ಕುಳಿತಿದ್ದಾರೆ. ಬಾರದ ಪಾಠವನ್ನು ಬಂತೆಂದು ದಾಟಿಸಿದ್ದಕ್ಕೆ ಹನ್ನೊಂದು ವರ್ಷದ ಜಾನನಿಗೂ ಅದೇ ಶಿಕ್ಷೆ. ಸಂಜೆ ಆರರವರೆಗೆ ಯಾರಿಗೂ ಊಟವಿಲ್ಲ. ಆದ ತಪ್ಪು ಒಂದೇ ಒಂದು ಪದದ್ದು.

ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವುದು ಆಗ ಇಂಗ್ಲೆಂಡಿನಲ್ಲಿ ಬಹು ಪ್ರಚಾರದಲ್ಲಿದ್ದ ಪದ್ಧತಿ. ಜೇಮ್ಸ್ ಮಿಲ್ ಅದರ ಪಕ್ಷ ವಹಿಸಿ 1812ರಲ್ಲಿ ಪುಸ್ತಿಕೆಯನ್ನೇ ಬರೆದಿದ್ದ. ಅದರ ಒಂದು ಬೇರು ನಮ್ಮ ಕಡೆಗಿದೆ. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರೂ ಬೆಲ್, ಊರ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ತನ್ನ ಉಪಾಧ್ಯಾಯರು ಅದಕ್ಕೆ ಒಪ್ಪದಿದ್ದಾಗ ಎಂಟು ವರ್ಷದ ಒಬ್ಬ ಹುಡುಗನನ್ನೇ ಮೇಷ್ಟರಾಗಿ ನಿಲ್ಲಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರ ಪ್ರಕಟಿಸಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ಬರೆದ ವರದಿಯಲ್ಲೂ ಇದರ ಸಾಕ್ಷ್ಯವಿದೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು. ಮುಂದೆ ಹೋದ ಮಕ್ಕಳು ಹಿಂದಿನವರಿಗೆ ಹೇಳಿಕೊಡುವ ಇಲ್ಲಿನ ಕ್ರಮ ಇಂಗ್ಲೆಂಡಿನಲ್ಲಿ ಅನುಕರಣೆಗೊಂಡದ್ದು ಯೋಗ್ಯವೇ ಆಗಿದೆ ಎಂದು ಅವನು ಮೆಚ್ಚಿದ್ದಾನೆ. ಹೀಗೆ ಕೂಲಿಮಠದ ಜಗಲಿಯ ಪದ್ಧತಿಗೆ ಹೋಲುವುದೊಂದು, ನಮ್ಮನ್ನು ಅಷ್ಟಾಗಿ ಮೆಚ್ಚದ ಜೇಮ್ಸ್ ಮಿಲ್ಲನ ಮನೆಯೊಳಗೆ ಲ್ಯಾಟಿನ್ ಪಾಠವಾಗಿ ಕುಳಿತಿತ್ತು.

ಆ ಪಾಠದ ಫಲವೇನು? ಮಿಲ್ ತೀರಿಕೊಂಡ 1873ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನೇ ಲೆಕ್ಕ ಒಪ್ಪಿಸಿದ್ದಾನೆ. ಇನ್ನೊಬ್ಬರಿಗೆ ಹೇಳಿಕೊಡಬೇಕಾದ್ದರಿಂದ ತಾನು ಕಲಿತದ್ದು ಗಟ್ಟಿಯಾಯಿತು, ಹೆಚ್ಚು ಕಾಲ ಉಳಿಯಿತು. ಇದು ಜಮಾ. ಆದರೆ ಆ ಕೆಲಸ ತನಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲ, ಮಕ್ಕಳು ಮಕ್ಕಳಿಗೆ ಕಲಿಸುವುದು ಪಾಠವಾಗಿಯೂ ಸಪ್ಪೆ, ಅದರಿಂದ ಇಬ್ಬರ ಮನಸ್ಸಿಗೂ ಒಳ್ಳೆಯ ಸಂಸ್ಕಾರವಾಗದು ಎನ್ನುತ್ತಾನೆ. ಅಣ್ಣನೇ ಮೇಷ್ಟರಾದರೆ ತಂಗಿಯರಿಗೆ ಅಣ್ಣನೆಂಬುವನು ಎಲ್ಲಿ ಉಳಿದ? ತಂದೆಯ ಬಗೆಗೂ ಅವನ ಮಾತಿನಲ್ಲಿ ಗೌರವ ತುಂಬಿದೆ, ನಿಷ್ಠೆ ತುಂಬಿದೆ. ಸಲಿಗೆ ಕಾಣುವುದಿಲ್ಲ. ಶಿಕ್ಷಣದಲ್ಲಿ ಭಯ ಪೂರ್ತಿ ಬೇಡವೆನ್ನಲಾಗದು, ಆದರೆ ಅದೇ ಮುಖ್ಯವಾಗಬಾರದು ಎಂದು ಬರೆಯುವಾಗ ಅವನ ಕಣ್ಣ ಮುಂದೆ ಆ ಮೇಜು ಇದ್ದಿರಲೇಬೇಕು.

ಇಪ್ಪತ್ತನೆಯ ವಯಸ್ಸಿನಲ್ಲಿ, 1826ರಲ್ಲಿ, ಮಿಲ್ಲನ ಮನಸ್ಸು ಒಮ್ಮೆಗೇ ಬತ್ತಿಹೋಯಿತು. ಯಾವುದರಲ್ಲೂ ರುಚಿಯಿಲ್ಲ. ಹೇಳಿಕೊಳ್ಳೋಣವೆಂದರೆ ಅಪ್ಪನ ಹತ್ತಿರ ಹೋಗುವಂತಿಲ್ಲ. ಆಗ ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ಆತ್ಮಚರಿತ್ರೆ ಕೈಗೆ ಬಂತು. ತಂದೆ ಸತ್ತಾಗ ದಿಕ್ಕೆಟ್ಟ ಮನೆಮಂದಿಗೆ, ಇನ್ನೂ ಹುಡುಗನಾಗಿದ್ದ ಅವನು, ಇನ್ನು ನಾನಿದ್ದೇನೆ ಎಂದು ಧೈರ್ಯ ತುಂಬುವ ಪ್ರಸಂಗ ಅದರಲ್ಲಿದೆ. ಅದನ್ನು ಓದುತ್ತ ಮಿಲ್ ಅತ್ತ. ಅತ್ತ ಮೇಲೆ ಎದೆ ಹಗುರಾಯಿತಂತೆ. ಸೀಸರನನ್ನೂ ಸಿಸೆರೊನನ್ನೂ ಬಲ್ಲ ಹುಡುಗನಿಗೆ ಅಳಲು ಇನ್ಯಾರದೋ ತಂದೆಯ ಸಾವು ಬೇಕಾಯಿತು.

ಮೊಂತೇನನ ಕಥೆಯಲ್ಲೂ ಇಂಥದೊಂದು ಗಳಿಗೆಯಿದೆ. ಲ್ಯಾಟಿನ್ ಮಾತಾಡುವುದನ್ನು ಬಿಟ್ಟು ನಲವತ್ತು ವರ್ಷವಾಯಿತೆನ್ನುವ ಅವನು, ಬದುಕಿನಲ್ಲಿ ಎರಡು ಮೂರು ಸಲ ಮಾತ್ರ, ತೀರ ಎದೆ ನಡುಗಿದಾಗ, ತನ್ನ ಬಾಯಿಂದ ತಾನಾಗಿ ಲ್ಯಾಟಿನ್ ಹೊರಬಿತ್ತು ಎನ್ನುತ್ತಾನೆ. ಅದರಲ್ಲೊಂದು ಸಲ, ಗಟ್ಟಿಮುಟ್ಟಾಗಿದ್ದ ತಂದೆ ಇದ್ದಕ್ಕಿದ್ದಂತೆ ಪ್ರಜ್ಞೆತಪ್ಪಿ ಅವನ ಮೇಲೆ ಕುಸಿದಾಗ. ಕಾಲೇಜು ಕೆಡಿಸಿದ, ಬಳಕೆಯಿಲ್ಲದೆ ಮಾಸಿದ ಆ ಭಾಷೆ ಎಲ್ಲೂ ಹೋಗಿರಲಿಲ್ಲ. ಕೊಟ್ಟವನು ಬೀಳುವಾಗ ಅದು ಎದ್ದುಬಂತು.

ಇಬ್ಬರ ಲ್ಯಾಟಿನ್ನೂ ಮೇಲ್ಮಟ್ಟದ್ದೇ. ಪಾಂಡಿತ್ಯವನ್ನು ತೂಗಿದರೆ ಮಿಲ್ಲನ ತಕ್ಕಡಿಯೇ ಕೆಳಗಿಳಿದೀತು. ಅಪ್ಪಂದಿರ ಪ್ರೀತಿಯನ್ನೂ ಅನುಮಾನಿಸುವ ಹಾಗಿಲ್ಲ. ದುಡಿಮೆಯ ಹೊತ್ತನ್ನು ಪ್ರತಿದಿನ ಮಗನ ನಿಘಂಟಾಗಿ ಕಳೆದ ಜೇಮ್ಸ್ ಮಿಲ್ಲನಿಗೆ ಪ್ರೀತಿಯಿರಲಿಲ್ಲ ಎನ್ನುವವರಾರು? ಆದರೆ ಪಿಯರನ ಮನೆಯಲ್ಲಿ ಮಗನ ಜೊತೆ ಎಲ್ಲರೂ ತೊದಲಿದರು. ಮಿಲ್ಲನ ಮನೆಯಲ್ಲಿ ಮಕ್ಕಳು ತೊದಲಿದರೆ ಊಟ ಕೆಳಗೆ ಹೋಯಿತು. ವ್ಯತ್ಯಾಸ ಅಷ್ಟೇ.

ಈ ಲೆಕ್ಕದಲ್ಲಿ, ಒಂದೇ ಪುಟ ಮುಂದಿರುವ ಇಂದಿನ ತಾಯಿಯರ ಸ್ಥಿತಿ ಪಂಡಿತರದಕ್ಕಿಂತ ಮೇಲು. ವಿಭಕ್ತಿ ತಪ್ಪಿದರೆ ತಾಯಿಯೂ ತಪ್ಪುತ್ತಾಳೆ, ಇಬ್ಬರೂ ಸೇರಿ ಪುಸ್ತಕದ ಹಿಂದಿನ ಉತ್ತರ ನೋಡಿ ನಗುತ್ತಾರೆ. ಇದು ಲ್ಯಾಟಿನ್ನಿಗಷ್ಟೇ ಸಲ್ಲುವ ಮಾತಲ್ಲ. ಅಮರಕೋಶ ಹೇಳಿಕೊಡುವ ಅಜ್ಜನಿಗೂ, ದೂರದ ದೇಶದಲ್ಲಿ ಭಾನುವಾರ ಮಗಳಿಗೆ ಅ ಆ ಇ ಈ ತಿದ್ದಿಸುವ ಕನ್ನಡದ ಅಪ್ಪನಿಗೂ ಸಲ್ಲುತ್ತದೆ. ಕಲಿಸಿದ ಮಾತನ್ನು ಮಕ್ಕಳು ಮರೆಯಬಹುದು, ಮರೆಯಲಿ. ಮುಂದೊಂದು ದಿನ ಅಪ್ಪ ಅಮ್ಮ ಕೈಚೆಲ್ಲುವ ಹೊತ್ತಿಗೆ ಅವರ ಬಾಯಿಂದ ಯಾವ ಮಾತು ಬರುತ್ತದೆ ಎಂಬುದು ಮಾತ್ರ ಈಗಿನ ಈ ಪಾಠದ ಹೊತ್ತಿನಲ್ಲೇ ತೀರ್ಮಾನವಾಗುತ್ತಿರುತ್ತದೆ.