ಗೋಲು ಬಿಟ್ಟು ಹೊರಬಂದವನು

2014ರ ರಮಝಾನ್ ತಿಂಗಳ ಆರಂಭದ ದಿನಗಳವು. ಬ್ರೆಝಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಜರ್ಮನಿ ಮತ್ತು ಅಲ್ಜೀರಿಯಾ ನಡುವೆ ವಿಶ್ವಕಪ್ ಪಂದ್ಯ. ನಮ್ಮಲ್ಲಿ ಆಗ ರಾತ್ರಿ ಒಂದೂವರೆ ಗಂಟೆ. ಹೇಗೂ ಸಹರಿಗೆ ಏಳಬೇಕೆಂಬ ನೆಪದಿಂದ ನಾವು ಎಚ್ಚರವಾಗಿಯೇ ಇದ್ದೆವು. (ತಹಜ್ಜುದ್‌ಗೆ ಇಷ್ಟೇ ಉತ್ಸಾಹದಿಂದ ಎದ್ದದ್ದು ಕಡಿಮೆಯೆಂದು ಒಪ್ಪಿಕೊಳ್ಳಲೇಬೇಕು.) ಮನಸ್ಸು ಅಲ್ಜೀರಿಯಾದ ಕಡೆಗಿತ್ತು, ಕಣ್ಣು ಮಾತ್ರ ಜರ್ಮನಿಯ ಗೋಲ್‌ಕೀಪರ್ ಮ್ಯಾನುಯೆಲ್ ನೋಯರ್‌ನ ಮೇಲೆ ನೆಟ್ಟಿತ್ತು.

ಜರ್ಮನಿಯ ರಕ್ಷಣಾ ಆಟಗಾರರು ಬಹಳ ಮುಂದೆ ಸರಿದು ನಿಂತಿದ್ದರು. ಅವರ ಬೆನ್ನ ಹಿಂದಿನ ಬಯಲಿಗೆ ಅಲ್ಜೀರಿಯನ್ನರು ಚೆಂಡನ್ನು ಉದ್ದಕ್ಕೆ ಹೊಡೆದು ಇಸ್ಲಾಮ್ ಸ್ಲಿಮಾನಿಯನ್ನು ಓಡಿಸುತ್ತಿದ್ದರು. ನೋಯರ್ ತನ್ನ ಆವರಣವನ್ನು ಬಿಟ್ಟು ಧಾವಿಸಿ, ಕಾಲಿನಿಂದಲೋ ತಲೆಯಿಂದಲೋ ಚೆಂಡನ್ನು ದೂರ ಮಾಡುತ್ತಿದ್ದ. ಕೈ ಬಳಸುವ ಅಧಿಕಾರವಿಲ್ಲದ ಜಾಗದಲ್ಲಿ ಆತ ಅಂದು ಸುಮಾರು 20 ಸಲ ಚೆಂಡು ಮುಟ್ಟಿದ. ಒಂದು ಹೆಜ್ಜೆ ತಡವಾದರೆ ಹಿಂದೆ ಬರಿದಾದ ಗೋಲು. ಅತ್ತ ಅಲ್ಜೀರಿಯಾದ ರಾಯ್ಸ್ ಎಂಬೋಲಿ ಹೊಡೆತದ ಮೇಲೆ ಹೊಡೆತ ತಡೆದು ಪಂದ್ಯಶ್ರೇಷ್ಠನಾದ. ಹೆಚ್ಚುವರಿ ಅವಧಿಯಲ್ಲಿ ಜರ್ಮನಿ 2-1ರಿಂದ ಗೆದ್ದಾಗ ಸಹರಿಗೆ ಉಳಿದದ್ದು ಸ್ವಲ್ಪವೇ ಹೊತ್ತು.

ಗೋಲ್‌ಕೀಪರನ ಕೆಲಸ ಬದಲಾದದ್ದು ಅಂದೇನಲ್ಲ. ಸ್ವಂತ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಿಂದ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂತು. ಅಲ್ಲಿಯವರೆಗೆ ಕೈಯನ್ನೇ ನಂಬಿದ್ದವನು ಕಾಲಿನ ವಿದ್ಯೆಯನ್ನೂ ಕಲಿಯಬೇಕಾಯಿತು. ಈಗಂತೂ ಅನೇಕ ತಂಡಗಳ ದಾಳಿ ಆತನ ಪಾದದಿಂದಲೇ ಆರಂಭವಾಗುತ್ತದೆ.

ಇದನ್ನೆಲ್ಲ ಬರೆಯಲು ಕಾರಣ ಬೇರೆ. ಆ ಪಂದ್ಯಕ್ಕೆ ಕೆಲವು ವರ್ಷ ಮೊದಲು ನಮ್ಮ ಮದ್ರಸದ ಮಕ್ಕಳು ಅಸರ್ ನಮಾಝಿನ ಬಳಿಕ ಆಡುತ್ತಿದ್ದರು. ಓಡಲಾರದವನೆಂದು ಒಬ್ಬ ಬಾಲಕನನ್ನು ನಾವೇ ಗೋಲಿನಲ್ಲಿ ನಿಲ್ಲಿಸಿದ್ದೆವು. ಒಂದು ಸಂಜೆ ಆತ ಗೋಲು ಬಿಟ್ಟು ಮುಂದೆ ಓಡಿಬಂದ. ಚೆಂಡು ಅವನ ತಲೆಯ ಮೇಲಿಂದ ಹಾರಿ ಒಳಹೊಕ್ಕಿತು. “ನಿಲ್ಲಿಸಿದ ಕಡೆ ನಿಲ್ಲಲೂ ಬಾರದೆ?” ಎಂದು ಎಲ್ಲರ ಎದುರು ಗದರಿದೆವು. ಮರುದಿನದಿಂದ ಅವನು ಆಟಕ್ಕೆ ಬರಲಿಲ್ಲ. ನೋಯರ್ ಅಂದು ಪದೇ ಪದೇ ಮಾಡಿದ್ದೂ ಅದನ್ನೇ.

ಮನುಷ್ಯರ ಹಕ್ಕಿನ ವಿಷಯದಲ್ಲಿ ಬರಿಯ ತೌಬಾ ಸಾಲದು, ನೊಂದವನಿಂದಲೇ ಕ್ಷಮೆ ಪಡೆಯಬೇಕೆಂದು ಮಕ್ಕಳಿಗೆ ಪಾಠ ಹೇಳುವವರು ನಾವು. ಆದರೂ ಅವನಿಗೆ ಫೋನು ಮಾಡಲು ನಮಗೆ ಹಲವು ವರ್ಷಗಳು ಬೇಕಾದವು. ಕಳೆದ ಶಅಬಾನ್‌ನಲ್ಲಿ ಮಾಡಿದೆವು. ಅವನೀಗ ದಮ್ಮಾಮ್‌ನಲ್ಲಿ ದುಡಿಯುತ್ತಿದ್ದಾನೆ. “ಅದೆಲ್ಲ ನೆನಪೇ ಇಲ್ಲ ಉಸ್ತಾದ್” ಎಂದು ನಕ್ಕ. ಮನೆಯವರ ಕ್ಷೇಮ ವಿಚಾರಿಸಿದ. ಸಲಾಮ್ ಹೇಳುವ ಮುನ್ನ ತಡೆದು, “ಅಂದು ಚೆಂಡು ತಂದವನು ಎಡಗಾಲಿನವನು ಉಸ್ತಾದ್, ಅದಕ್ಕೇ ನಾನು ಬೇಗ ಹೊರಟದ್ದು” ಎಂದ.