ಕಾರಿನ ಹಾಡುಪೆಟ್ಟಿಗೆ

ಕೆಡದೆ ಇರುವುದನ್ನು ಕಿತ್ತೆಸೆಯಬಾರದೆಂಬುದು ಹರಿಹರದ ಹಳೆಯ ಕೆಲಸಗಾರರಲ್ಲಿ ಧರ್ಮದಂತೆಯೇ ನೆಲೆಗೊಂಡಿರುವ ಭಾವನೆ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆ ಈಗಿಲ್ಲ, ಅದು ಮಾಡಿದ ಯಂತ್ರಗಳೂ, ಅದು ಪಳಗಿಸಿದ ಕೈಗಳೂ ಇನ್ನೂ ಅಲ್ಲಲ್ಲಿ ಉಳಿದಿವೆ. ಅಂತಹ ಕೈಗಳುಳ್ಳ ಒಬ್ಬ ವೃದ್ಧರ ಕಾರಿನೊಳಕ್ಕೆ ನಿಸ್ತಂತು ಸಂಗೀತವು ಪ್ರವೇಶಿಸಿದ ವೃತ್ತಾಂತವು ಚಿಕ್ಕದಾದರೂ ಹೇಳತಕ್ಕದ್ದಾಗಿದೆ. ಅವರ ಹೆಸರು ಇಲ್ಲಿ ಬೇಡ, ಯಜಮಾನರೆಂದರೆ ಸಾಕು.

ಯಜಮಾನರದು 2003ರ ಮಾರುತಿ 800. ಅದರಲ್ಲಿದ್ದುದು ರೇಡಿಯೋ ಮತ್ತು ಕ್ಯಾಸೆಟ್ಟು ಎರಡನ್ನೂ ನುಡಿಸುವ ಟೇಪು. ಅವರ ಪತ್ನಿಗೆ ಮೂತ್ರಪಿಂಡಗಳು ಸೋತ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್ಸಿಗಾಗಿ ದಾವಣಗೆರೆಗೆ ಹೋಗಿಬರುವುದು ಅನಿವಾರ್ಯವಾಯಿತು. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು; ದೊಡ್ಡಬಾತಿಯ ಮೇಲೆ ಹಳೆಯ ಪಿ.ಬಿ. ರಸ್ತೆಯಲ್ಲಿ ಯಜಮಾನರ ಸಾವಧಾನದ ಓಟಕ್ಕೆ ಸುಮಾರು ಅರ್ಧ ಗಂಟೆ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲೂ ಅಷ್ಟೇ. ಹೋಗುವಾಗ ಮೊದಲನೆಯ ಮಗ್ಗುಲು, ಬರುವಾಗ ಎರಡನೆಯದು. ನಡುವೆ ಯಂತ್ರದ ಪಕ್ಕದಲ್ಲಿ ನಾಲ್ಕು ಗಂಟೆಗಳ ಮೌನ. ಹೀಗೆ ಆ ಕ್ಯಾಸೆಟ್ಟು ಅವರಿಬ್ಬರಿಗೆ ಸಂಗೀತ ಮಾತ್ರವಲ್ಲ, ದಾರಿಯ ಅಳತೆಗೋಲೂ ಆಗಿದ್ದಿತು.

ಆ ಕ್ಯಾಸೆಟ್ಟು ಅಂಗಡಿಯದಲ್ಲ. ಬಹಳ ವರ್ಷಗಳ ಹಿಂದೆ ಆಕೆಯ ಅಣ್ಣ ಮನೆಯಲ್ಲಿ ತುಂಬಿಸಿಕೊಟ್ಟದ್ದು. ಒಂದು ಕಡೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು; ಇನ್ನೊಂದು ಕಡೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯಿಂದ ಹಿಡಿದ ಒಂದು ಭಜನಾ ಮಂಡಳಿಯ ಹಾಡುಗಾರಿಕೆ. ಆ ಮಂಡಳಿಯಲ್ಲಿ ತಾಳ ಹಾಕಿದವನು ಅಣ್ಣನೇ. ಆತ ಈಗಿಲ್ಲ. ಕೊನೆಯ ಹಾಡಿನ ನಡುವೆ ಯಾರೋ ಕೆಮ್ಮುವುದು ಕೇಳಿಸುತ್ತದೆ; ಅದು ಅಣ್ಣನ ಕೆಮ್ಮೆಂದು ಆಕೆಯ ನಂಬಿಕೆ.

ಒಂದು ಬೇಸಗೆಯ ಮಧ್ಯಾಹ್ನ ಟೇಪು ಆ ಕ್ಯಾಸೆಟ್ಟಿನ ರೀಲನ್ನು ನುಂಗಿತು. ಯಜಮಾನರು ದೊಡ್ಡಬಾತಿಯ ಬಳಿ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಮುಕ್ಕಾಲು ಗಂಟೆಯ ಕಾಲ ಚಿಮಟದಿಂದ ಅದನ್ನು ಬಿಡಿಸಿ, ಪೆನ್ಸಿಲಿನಿಂದ ಸುತ್ತಿದರು. ರೀಲು ಸುಕ್ಕಾಯಿತು, ಹರಿಯಲಿಲ್ಲ. ಆದರೆ ಅಂದಿನಿಂದ ಕ್ಯಾಸೆಟ್ಟು ಮನೆಯ ಬೀರುವನ್ನು ಸೇರಿತು. ಕಾರಿನಲ್ಲಿ ಎರಡು ತಿಂಗಳು ಮೌನ.

ಬೆಂಗಳೂರಿನಲ್ಲಿ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದವಳು ಇದನ್ನು ಕಂಡಳು. “ಅಜ್ಜಾ, ಫೋನಿನಾಗ ಎಲ್ಲಾ ಹಾಡೂ ಸಿಗ್ತಾವ. ಹಳೇ ಟೇಪು ತೆಗೆಸಿ ಹೊಸದು ಹಾಕಿಸ್ರಿ” ಎಂದಳು. ದಾವಣಗೆರೆಯ ಅಂಗಡಿಯವನ ಅಭಿಪ್ರಾಯವೂ ಅದೇ ಆಗಿದ್ದಿತು: “ಯಜಮಾನ್ರೇ, ಈ ಕಾಲದಾಗ ಇದನ್ನ ಯಾರು ಇಟ್ಕೋತಾರ್ರೀ? ಒಂದು ತಾಸಿನ ಕೆಲ್ಸ. ಕಿತ್ತು, ಪರದೆ ಇರೋದು ಕೂರಿಸಿ ಕೊಡ್ತೀನಿ.” ಕಿತ್ತು ಎಂಬ ಮಾತೇ ಯಜಮಾನರಿಗೆ ಒಗ್ಗಲಿಲ್ಲ. ಮನೆಯಲ್ಲಿ ಕ್ಯಾಸೆಟ್ಟು ನುಡಿಸಬಲ್ಲ ಯಂತ್ರ ಅದೊಂದೇ ಉಳಿದಿದೆಯೆಂಬುದು ಅವರಿಗೆ ಗೊತ್ತಿದ್ದಿತು.

ಕೀಳದೆ ಸೇರಿಸುವ ಉಪಾಯಗಳು ಮೂರು. ಸಿಗರೇಟು ಹೊತ್ತಿಸುವ ಗೂಡಿಗೆ ಸಿಕ್ಕಿಸುವ ಒಂದು ಪುಟ್ಟ ಸಾಧನವು ಫೋನಿನ ಹಾಡನ್ನು ಎಫ್.ಎಂ. ತರಂಗವನ್ನಾಗಿ ಮಾಡಿ ಪ್ರಸಾರ ಮಾಡುತ್ತದೆ. ಕಾರಿನ ರೇಡಿಯೋ ಅದನ್ನು ಯಾವುದೋ ನಿಲಯವೆಂದು ತಿಳಿದು ಹಿಡಿಯುತ್ತದೆ. ಖರ್ಚು ಅಲ್ಪ. ಆದರೆ 88ರಿಂದ 108 ಮೆಗಾಹರ್ಟ್ಸಿನೊಳಗೆ ಬರಿದಾದ ಜಾಗ ಬೇಕು. ಬೇರೆ ನಿಲಯದ ತರಂಗ ಅಡ್ಡ ಬಂದರೆ ವಚನದ ನಡುವೆ ಜಾಹೀರಾತು ತಲೆಹಾಕುತ್ತದೆ. ಯಜಮಾನರು ಇದನ್ನು ಒಂದು ವಾರ ಸಹಿಸಿದರು. ಎರಡನೆಯದು, ಟೇಪನ್ನು ಬಿಚ್ಚಿ ಒಳಗಿನ ತಂತಿಗಳಿಗೆ ನಿಸ್ತಂತು ಗ್ರಾಹಕವನ್ನು ಬೆಸೆಯುವುದು. ನಾದಕ್ಕೆ ಇದೇ ಉತ್ತಮ. ಆದರೆ ಭೂತಂತಿಯ ಜೋಡಣೆ ಸರಿಯಿಲ್ಲದಿದ್ದರೆ ಇಂಜಿನ್ನಿನ ವೇಗಕ್ಕೆ ಸರಿಯಾಗಿ ಏರಿಳಿಯುವ ಒಂದು ಕೀಚಲು ಸದ್ದು ಹಾಡಿನ ಹಿಂದೆ ಶ್ರುತಿಪೆಟ್ಟಿಗೆಯಂತೆ ಕೂಡಿಕೊಳ್ಳುತ್ತದೆ.

ಮೂರನೆಯದು ಕ್ಯಾಸೆಟ್ಟಿನ ವೇಷ ಹಾಕಿದ ಸಾಧನ. ಆಕಾರ ಕ್ಯಾಸೆಟ್ಟಿನದೇ, ರೀಲಿಲ್ಲ. ಟೇಪಿನೊಳಗಿನ ಓದುವ ತಲೆಗೆ ಎದುರಾಗಿ ಅದರಲ್ಲೊಂದು ಪುಟ್ಟ ಅಯಸ್ಕಾಂತದ ತಲೆಯಿರುತ್ತದೆ. ಫೋನಿನಿಂದ ಬಂದ ಸಂಗೀತವು ಅದರಲ್ಲಿ ಕಾಂತಕ್ಷೇತ್ರದ ಏರಿಳಿತವಾಗುತ್ತದೆ. ಟೇಪು ತಾನು ರೀಲನ್ನೇ ಓದುತ್ತಿರುವೆನೆಂದು ಭಾವಿಸಿ ಹಾಡುತ್ತದೆ. ಒಳಗಿನ ಹಲ್ಲುಚಕ್ರಗಳು ತಿರುಗುತ್ತಿರುವುದು ಟೇಪಿಗೆ ರೀಲು ಮುಗಿಯಿತೆಂಬ ಅನುಮಾನ ಬಾರದಿರಲೆಂದು. ಈ ಸಾತ್ವಿಕ ವಂಚನೆಯನ್ನು ಕಂಡು ಯಜಮಾನರು ಮನಸಾರೆ ನಕ್ಕರು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕಂಡು ಬೆಳೆದವರಿಗೆ, ಹಳತೂ ಹೊಸತೂ ಒಂದೇ ಮೈಯಲ್ಲಿರುವುದು ಅಷ್ಟೇನೂ ವಿಚಿತ್ರವಾಗಿ ತೋರಲಿಲ್ಲವೆಂದು ಕಾಣುತ್ತದೆ.

ಫೋನಿಗೂ ಈ ವೇಷಧಾರಿಗೂ ನಡುವಣ ವಿದ್ಯೆಯ ಹೆಸರು ಬ್ಲೂಟೂತ್. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಮೊದಲಾದ ಈ ಕೆಲಸಕ್ಕೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರನ್ನು ಇಟ್ಟರು. ಆಕಾಶದಲ್ಲಿ ಇತರರ ಮಾತಿಗೆ ತಗಲದಿರಲೆಂದು ಅದು ಸೆಕೆಂಡಿಗೆ 1600 ಸಲ ತರಂಗದಿಂದ ತರಂಗಕ್ಕೆ ನೆಗೆಯುತ್ತದೆ. ಹೀಗೆ ನೆಗೆಯುವ ಉಪಾಯವೊಂದಕ್ಕೆ 1942ರಲ್ಲಿಯೇ ಅಮೆರಿಕದಲ್ಲಿ ಹಕ್ಕುಪತ್ರ ಪಡೆದವರು ಚಲನಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಅವರು ಎಣಿಸಿದ ತರಂಗಗಳು 88; ಪಿಯಾನೋವಿನ ಮನೆಗಳೂ ಅಷ್ಟೇ. ಯುದ್ಧದ ಟಾರ್ಪೆಡೋಗಳಿಗೆಂದು ಹುಟ್ಟಿದ ಯುಕ್ತಿಯ ಬಂಧುವೊಂದು ಈಗ ದೊಡ್ಡಬಾತಿಯ ದಾರಿಯಲ್ಲಿ ವಚನ ಹಾಡಿಸುತ್ತಿದೆ.

ಮನ್ಸೂರರು ಫೋನಿನಲ್ಲಿ ಸಿಕ್ಕಿದರು. ಕ್ಯಾಸೆಟ್ಟಿನಲ್ಲಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿಯೇ ಸಿಕ್ಕಿದರು. ಆದರೂ ಅಜ್ಜಿ ಮೊದಲ ದಿನ, “ರೀ, ಇದಾದ ಮ್ಯಾಲೆ ಇದಲ್ಲ ಬರೋದು” ಎಂದು ಮುಖ ತಿರುಗಿಸಿದರು. ಮೊಮ್ಮಗಳು ಕ್ಯಾಸೆಟ್ಟಿನ ಅನುಕ್ರಮವನ್ನೇ ಫೋನಿನಲ್ಲಿ ಪಟ್ಟಿಮಾಡಿದ ಮೇಲೆ ಆ ಕೊರತೆ ನೀಗಿತು. ನೀಗದೆ ಉಳಿದದ್ದು ಎರಡನೆಯ ಮಗ್ಗುಲು. ಎಲ್ಲ ಹಾಡೂ ಸಿಗುತ್ತವೆಂದ ಹುಡುಗಿ ಒಂದು ರಾತ್ರಿಯೆಲ್ಲ ಹುಡುಕಿದಳು. ಲೋಕದ ಸಂಗೀತವೆಲ್ಲ ತುಂಬಿದೆಯೆನ್ನುವ ಆ ಭಂಡಾರದಲ್ಲಿ ಆ ಭಜನಾ ಮಂಡಳಿ ಇರಲಿಲ್ಲ.

ದೀಪಾವಳಿಗೆ ಆಕೆ ಗಣಕಯಂತ್ರವನ್ನು ತಂದಳು. ಯಜಮಾನರು ಟೇಪನ್ನು ಕಾರಿನಿಂದ ಹೊರಗೆಳೆದು ಊಟದ ಮೇಜಿನ ಮೇಲಿಟ್ಟು, 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ, ತಲೆಯನ್ನು ಹತ್ತಿಯಿಂದಲೂ ಮದ್ಯಸಾರದಿಂದಲೂ ಒರೆಸಿ, ರಬ್ಬರು ಉರುಳೆಯನ್ನು ಬದಲಿಸಿದರು. ಸುಕ್ಕಾದ ರೀಲು ಮತ್ತೊಮ್ಮೆ ಓಡಬೇಕು, ಹರಿದರೆ ಮುಗಿಯಿತು. ಅಜ್ಜಿ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಸುಕ್ಕಿನ ಜಾಗದಲ್ಲಿ ಧ್ವನಿ ಒಮ್ಮೆ ನೀರಿನಲ್ಲಿ ಮುಳುಗಿದಂತಾಗಿ ಮೇಲೆದ್ದಿತು. ಕೊನೆಯಲ್ಲಿ ಕೆಮ್ಮೂ ಬಂದಿತು. ಅಂಗಡಿಯವನ ಮಾತು ಕೇಳಿದ್ದರೆ ಈ ಕೆಲಸಕ್ಕೆ ಯಂತ್ರವೇ ಮನೆಯಲ್ಲಿರುತ್ತಿರಲಿಲ್ಲವೆಂಬುದನ್ನು ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ. ಮೊಮ್ಮಗಳಿಗೆ ಅದು ತಿಳಿದಿರಬೇಕು.

ಈಗ ಆ ಮಗ್ಗುಲೂ ಫೋನಿನಲ್ಲಿದೆ. ಟೇಪಿನಿಂದ ಹೊರಟ ಹಾಡು ಗಾಳಿಯಲ್ಲಿ ಹಾದು ಅದೇ ಟೇಪಿನ ಬಾಯಿಗೆ ಮರಳುತ್ತದೆ. ಫೋನಿಗೆ ಮಗ್ಗುಲುಗಳ ಭೇದ ತಿಳಿಯದು. ಆದಕಾರಣ ಆಸ್ಪತ್ರೆಯ ಬಾಗಿಲಲ್ಲಿ ಯಜಮಾನರೇ ಹಾಡು ನಿಲ್ಲಿಸುತ್ತಾರೆ, ನಾಲ್ಕು ಗಂಟೆಗಳ ತರುವಾಯ ಅಜ್ಜಿ ಕುಳಿತು ಬಾಗಿಲು ಹಾಕಿಕೊಂಡ ಮೇಲೆ ಮುಂದಿನದನ್ನು ಆರಂಭಿಸುತ್ತಾರೆ.