ಎಡಗಿವಿಯ ಅಳುಕು

ಮಗಳು ಕೊಡಿಸಿದ ತಂತಿರಹಿತ ಇಯರ್‌ಬಡ್‌ಗಳಲ್ಲಿ ಮುಂಜಾನೆ ಸಂಗೀತ ಕೇಳುವುದು ನನ್ನ ರೂಢಿ. ಕಳೆದ ತಿಂಗಳು ಎಡಗಡೆಯ ಧ್ವನಿ ಕ್ಷೀಣಿಸತೊಡಗಿತು. ನಮ್ಮ ತಂದೆಯವರಿಗೂ ಮೊದಲು ಮಂದವಾದುದು ಎಡಗಿವಿಯೇ. ಯಾರಿಗೂ ಹೇಳದೆ, ಧ್ವನಿಯನ್ನು ಪೂರ್ಣಮಟ್ಟಕ್ಕೆ ಏರಿಸಿಕೊಂಡು ಕೇಳುತ್ತ ಬಂದೆ.

ವಿಜ್ಞಾನ ಬೋಧಿಸಿದವನಿಗೆ ಸರಳ ಪ್ರಯೋಗವೊಂದು ಹೊಳೆಯಲು ಮೂರು ವಾರ ಬೇಕಾದುದು ನಾಚಿಕೆಯ ಸಂಗತಿ. ಎಡಗಡೆಯದನ್ನು ಬಲಗಿವಿಗೆ ಹಿಡಿದೆ. ಅಲ್ಲಿಯೂ ಅದೇ ಕ್ಷೀಣಸ್ವರ! ದೋಷ ಕಿವಿಯದಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಡ-ಬಲ ಧ್ವನಿಯ ಸಮತೋಲನವೂ ಸರಿಯಾಗಿಯೇ ಇತ್ತು. ಭೂತಗನ್ನಡಿ ಹಿಡಿದು ನೋಡಿದರೆ, ಜಾಲರಿಯ ರಂಧ್ರಗಳ ತುಂಬ ನನ್ನದೇ ಕಿವಿಯ ಗುಗ್ಗೆ! ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣಗಿದ ಮೃದುವಾದ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿದೆ. (ಮೇಲ್ಮುಖವಾಗಿ ಹಿಡಿದರೆ ಕಸ ಒಳಗೇ ಇಳಿಯುತ್ತದೆ, ಸೂಜಿಯಿಂದ ಜಾಲರಿ ಹರಿದೀತು.) ಧ್ವನಿ ಮರಳಿತು.

ಆದರೆ ಅಷ್ಟೂ ದಿನ ಪೆಟ್ಟು ತಿಂದುದು ಬಲಗಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು; 90 ಡೆಸಿಬೆಲ್ ಆದರೆ ಕೇವಲ 4 ಗಂಟೆ. ಈಗ ಅರ್ಧಮಟ್ಟದಲ್ಲಿಯೇ ಕೇಳುತ್ತಿದ್ದೇನೆ. ಬುಧವಾರ ಕಿವಿಯ ವೈದ್ಯರಲ್ಲಿಗೆ ಹೋಗಲಿದ್ದೇನೆ. ಈ ಸಲ ಮಗಳಿಗೂ ಹೇಳಿದ್ದೇನೆ.